ಆಟದ ಗಳಿಗೆ ಎತ್ತಿಡೋದು

ನಮ್ಮ ಮಾಕಳಿ ಹುಡುಗರು ಮೊಬೈಲ್ ಗೇಮಲ್ಲಿ ಗೆದ್ದ ಗಳಿಗೆನ ವೀಡಿಯೋ ಮಾಡಿ ವಾಟ್ಸಾಪಲ್ಲಿ ಹಂಚ್ತಾರೆ. ನೋಡಬಹುದು ಅಷ್ಟೇ, ಅಲ್ಲಿಂದ ಮುಂದಕ್ಕೆ ನಾವು ಆಡೋಕಾಗಲ್ಲ. 2020ರ ಸೆಪ್ಟೆಂಬರಲ್ಲಿ ಸರ್ಕಾರ ಪಬ್‌ಜಿ ಮೊಬೈಲ್ ನಿಷೇಧಿಸ್ತು. ವೀಡಿಯೋ ಉಳೀತು, ಆಟ ನಿಂತೋಯ್ತು.

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಬೇರೆ ದಾರಿ ಹಿಡಿದಿದ್ರು ಕಣ್ರೀ. ಚದುರಂಗದ ಕುದುರೆ 64 ಮನೆಗೂ ಒಂದೊಂದೇ ಸಲ ಹೋಗೋ ನಡೆಗೆ 1ರಿಂದ 64ರವರೆಗೆ ಅಂಕಿ ಹಾಕಿ, ರೇಷ್ಮೆ ಮೇಲೆ ಅಚ್ಚು ಹಾಕಿಸಿದ್ರು. ಅದನ್ನ ನೋಡ್ಕೊಂಡು ಇವತ್ತೂ ಕುದುರೆ ನಡೆಸಬಹುದು. 30ನೇ ಮನೇಲಿ ನಿಲ್ಲಿಸಿ, "ಈಗ ಎಲ್ಲಿಗೆ?" ಅಂತ ಮಕ್ಕಳನ್ನ ಕೇಳಬಹುದು.

ಉಳಿಸೋದು ಅಂದ್ರೆ ಹಿಂಗೆ. ಚೌಕಾಬಾರ ಅರ್ಧಕ್ಕೆ ಬಿಟ್ಟು ಏಳುವಾಗ ಕಾಯಿ ಎಲ್ಲೆಲ್ಲಿವೆ, ಸರದಿ ಯಾರದು ಅಂತ ಚೀಟಿಲಿ ಬರೆದಿಡಿ. ನಾಳೆ ಮೊಮ್ಮಕ್ಕಳು ಅಲ್ಲಿಂದ್ಲೇ ಆಡ್ತಾರೆ.