ಪರದೇಶಿಯ ಸಂತೆ ಲೆಕ್ಕ

ನೇತ್ರಾವತಿ ಕುಮಾರಧಾರೆಗಳು ಕೂಡುವ ಸ್ಥಳದ ಊರಿಗೆ ಉಪ್ಪಿನಂಗಡಿಯೆಂದು ಹೆಸರು. ಅದರ ಪೂರ್ವಕ್ಕೆ ಕಡಬ, ಸುಬ್ರಹ್ಮಣ್ಯ, ಅದರಾಚೆಗೆ ಘಟ್ಟ. ಸಮುದ್ರದಿಂದ ದೂರವಾದ ಕಾಡುಸೀಮೆಯವರಿಗೆ ಉಪ್ಪು ದೊರೆಯುವ ಅಂಗಡಿಯೇ ಊರಿನ ಗುರುತಾಗಿದ್ದಿತೆಂದು ಆ ಹೆಸರಿನಿಂದಲೇ ಊಹಿಸಬಹುದು. ಆದರೆ ನಮ್ಮ ಶಾಸನಗಳು ದಾನದತ್ತಿಗಳನ್ನು ವಿಸ್ತರಿಸಿ ಹೇಳುವಷ್ಟು ದಿನದಿನದ ಅಡಿಗೆಯ ಸಾಮಾನಿನ ಖರೀದಿಯನ್ನು ಹೇಳುವುದಿಲ್ಲ. ನಿತ್ಯದ ಸಂಗತಿಯನ್ನು ಬರೆದಿಡಬೇಕೆಂದು ಮನೆಯವರಿಗೆ ತೋರುವುದಿಲ್ಲ. ಹೊರಗಿನಿಂದ ಬಂದವನಿಗೆ ಅದೇ ವಿಸ್ಮಯವಾಗುತ್ತದೆ. ಆದುದರಿಂದ ಈ ವಿಷಯದಲ್ಲಿ ಪರದೇಶಿಗಳೇ ಸಾಕ್ಷಿಗಳು.

ಪಾರಸಿಕ ರಾಯಭಾರಿ ಅಬ್ದುರ್ ರಜಾಕನು 1443 ರಲ್ಲಿ ಮಂಗಳೂರಿನಲ್ಲಿಳಿದು, ಘಟ್ಟವನ್ನೇರಿ ವಿಜಯನಗರಕ್ಕೆ ಹೋದನು. ಅವನಿಗೆ ಸಂತೆಯ ಚಿಂತೆಯೇ ಇರಲಿಲ್ಲ. ಅರಮನೆಯಿಂದ ಪ್ರತಿದಿನವೂ ಐದು ಮಣ ಅಕ್ಕಿ, ಒಂದು ಮಣ ಬೆಣ್ಣೆ, ಒಂದು ಮಣ ಸಕ್ಕರೆ, ಎರಡು ಕುರಿ, ನಾಲ್ಕು ಜೊತೆ ಕೋಳಿ, ಮೇಲೆ ಎರಡು ವರಾಹ ಬರುತ್ತಿದ್ದುವು. ಇವನು ನಿಜವಾದ ರಾಯಭಾರಿಯಲ್ಲವೆಂದು ಹೊರ್ಮುಜಿನ ವರ್ತಕರು ಸುದ್ದಿ ಹಬ್ಬಿಸಿದ ಬಳಿಕ ಒಬ್ಬ ಅಧಿಕಾರಿಯು ಆ ಪಡಿಯನ್ನು ನಿಲ್ಲಿಸಿದನು. ರಾಜಾತಿಥ್ಯವು ಎಷ್ಟು ಅಸ್ಥಿರವೆಂಬುದನ್ನು ಪಾಪ, ಅವನು ಅನುಭವಿಸಿ ತಿಳಿದನು.

1520 ರ ಸುಮಾರಿಗೆ ಬಂದ ಪೋರ್ತುಗೀಜ ಡೊಮಿಂಗೊ ಪಾಯೆಸನಾದರೋ ಪೇಟೆಯನ್ನು ಕೊಳ್ಳುವವನ ಕಣ್ಣಿನಿಂದಲೇ ನೋಡಿದನು. ಲೋಕದಲ್ಲಿ ಇಷ್ಟು ಸಮೃದ್ಧವಾದ ನಗರವು ಬೇರೊಂದಿಲ್ಲವೆಂಬುದು ಅವನ ಮತ. ಅಕ್ಕಿ, ಜೋಳ, ಅವರೆ, ಹೆಸರು, ಹುರುಳಿ ಇವೆಲ್ಲವೂ ಹೇರಳವಾಗಿಯೂ ಅಗ್ಗವಾಗಿಯೂ ಇದ್ದುವು. ಗೋಧಿಯನ್ನು ಮುಸಲ್ಮಾನರ ಹೊರತು ಇತರರು ತಿನ್ನದ ಕಾರಣ ಅದು ಅಷ್ಟಾಗಿರಲಿಲ್ಲ. ಒಂದು ಪಣಕ್ಕೆ ಮೂರು ಗೊಂಚಲು ದ್ರಾಕ್ಷಿ, ಇಲ್ಲವೆ ಹತ್ತು ದಾಳಿಂಬೆ. ನಿಂಬೆ, ಕಿತ್ತಳೆ, ಬದನೆಗಳು ಪ್ರತಿದಿನವೂ ಹೇರುಹೇರಾಗಿ ಬರುತ್ತಿದ್ದುವು. ಶುಕ್ರವಾರದ ಸಂತೆಯಲ್ಲಿ ಸಮುದ್ರದ ಒಣಮೀನು ಸಹ ಮಾರಾಟವಾಗುತ್ತಿದ್ದಿತು. ಅದು ಯಾವುದೋ ಘಟ್ಟದ ದಾರಿಯಲ್ಲಿ ಹೇರೆತ್ತಿನ ಬೆನ್ನೇರಿ ಬಂದುದಾಗಿರಬೇಕು.

ಪಾಯೆಸನ ಲೆಕ್ಕದಲ್ಲಿ ವಾಚಕರು ಮುಖ್ಯವಾಗಿ ಗಮನಿಸಬೇಕಾದ ಒಂದು ಅಂಶವಿದೆ. ಒಂದು ಪರ್ದಾವೊ ನಾಣ್ಯಕ್ಕೆ ನಗರದಲ್ಲಿ 12 ಕುರಿಗಳಾದರೆ ಬೆಟ್ಟಸೀಮೆಯಲ್ಲಿ 14 ಅಥವಾ 15. ಒಂದು ಕಿರುನಾಣ್ಯಕ್ಕೆ ನಗರದಲ್ಲಿ ಮೂರು ಕೋಳಿ, ಹೊರಗೆ ನಾಲ್ಕು. ಕೊಳ್ಳುವವನಿಗೆ ಇದು ಲಾಭದ ಸುದ್ದಿ. ಆದರೆ ಸಾಕಿದವನಿಗೂ ಬೆಳೆದವನಿಗೂ ಕೈಸೇರಿದುದು ಅಷ್ಟರಮಟ್ಟಿಗೆ ಕಡಿಮೆಯೆಂದೇ ಅದರ ಅರ್ಥ. ಪ್ರವಾಸಿಯು ಆ ಕಡೆಗೆ ದೃಷ್ಟಿಯಿಡಲಿಲ್ಲ. ಕೆಲವು ವರ್ಷಗಳ ಮೇಲೆ ಅದೇ ನಗರದಲ್ಲಿದ್ದ ಕುದುರೆವ್ಯಾಪಾರಿ ನೂನಿಜನು ಇಟ್ಟನು; ಒಕ್ಕಲಿಗರು ಫಲದಲ್ಲಿ ಹತ್ತರಲ್ಲಿ ಒಂಬತ್ತು ಪಾಲನ್ನು ಒಡೆಯರಿಗೆ ತೆರುತ್ತಿದ್ದರೆಂದು ಬರೆದನು. ಇದು ಅತಿಶಯೋಕ್ತಿಯೆಂದು ವಿದ್ವಾಂಸರು ಹೇಳುವರು, ಇರಬಹುದು. ಆದರೂ ಪೇಟೆಯ ಅಗ್ಗಕ್ಕೂ ಹೊಲದ ಬಡತನಕ್ಕೂ ಸಂಬಂಧವುಂಟೆಂಬುದು ಸುಳ್ಳಾಗಲಾರದು.

ಆ ಪೇಟೆಯು 1565 ರಲ್ಲಿ ಹಾಳಾಯಿತು. ಆ ಸಂಬಂಧವು ಮಾತ್ರ ಬೇರೆ ರೂಪದಲ್ಲಿ ಸುಳ್ಯ ಪುತ್ತೂರುಗಳ ಮನೆಬಾಗಿಲಿಗೇ ಬಂದಿತು. ಕೊಡಗಿನ ಅರಸರ ಅಧೀನದಲ್ಲಿದ್ದಾಗ ಅಮರಸುಳ್ಯ ಪುತ್ತೂರು ಮಾಗಣೆಗಳ ರೈತರು ಕಂದಾಯವನ್ನು ಧಾನ್ಯರೂಪದಲ್ಲಿ ಸಲ್ಲಿಸುತ್ತಿದ್ದರು. 1834 ರಲ್ಲಿ ಚಿಕ್ಕವೀರರಾಜೇಂದ್ರನು ಪದಚ್ಯುತನಾದ ಮೇಲೆ ಕುಂಪಣಿಯವರು ಆ ಮಾಗಣೆಗಳನ್ನು ಕನ್ನಡ ಜಿಲ್ಲೆಗೆ ಸೇರಿಸಿ, ನಗದು ಹಣವನ್ನೇ ಕೇಳಿದರು. ಅಂದಿನಿಂದ ರೈತನು ಮೊದಲು ಭತ್ತವನ್ನು ವರ್ತಕನ ಮುಂದೆ ಸುರಿದು, ಅವನು ಕೊಟ್ಟಷ್ಟನ್ನು ಪಡೆದು, ಬಳಿಕ ಕಚೇರಿಗೆ ನಡೆಯಬೇಕಾಯಿತು. ಕಂದಾಯದ ಗಡುವು ವರ್ತಕನಿಗೂ ತಿಳಿದಿರುತ್ತದಷ್ಟೆ!

1837 ರಲ್ಲಿ ಸುಳ್ಯದಿಂದ ಹೊರಟ ಬಂಡಾಯಕ್ಕೆ ಈ ನಗದು ಕಂದಾಯವು ಒಂದು ಪ್ರಬಲ ಕಾರಣವಾಗಿದ್ದಿತು. ಕಲ್ಯಾಣಸ್ವಾಮಿ, ಕೆದಂಬಾಡಿ ರಾಮಯ್ಯಗೌಡ ಮೊದಲಾದವರ ದಂಡು ಪುತ್ತೂರು, ಬಂಟವಾಳಗಳನ್ನು ದಾಟಿ ಏಪ್ರಿಲ್ 5 ರಂದು ಮಂಗಳೂರನ್ನು ಹಿಡಿದು, ಬಾವುಟಗುಡ್ಡದ ಮೇಲೆ ತಮ್ಮ ಧ್ವಜವನ್ನೇರಿಸಿತು. ಆ ಆಳ್ವಿಕೆಯು ಎರಡು ವಾರವೂ ನಿಲ್ಲಲಿಲ್ಲ. ಕಲ್ಯಾಣಸ್ವಾಮಿಯನ್ನು ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು.