ಗಳಿಗೆಯ ಬಟ್ಟಲು

ಇಂದು ಇಬ್ಬರು ಪರಿಚಿತರು ಎದುರಾದರೆ ಕ್ಷೇಮಸಮಾಚಾರದ ಬೆನ್ನಿಗೇ ಕೇಳಿಬರುವ ಮಾತು ಒಂದೇ: ‘ಪುರುಸೊತ್ತೇ ಇಲ್ಲ.’ ಅರಬ್ಬಿ ಮೂಲದ ‘ಫುರ್ಸತ್’ ನಮ್ಮವರ ಬಾಯಲ್ಲಿ ಪಳಗಿ ಪುರುಸೊತ್ತಾಯಿತು. ನಮ್ಮದೇ ಆದ ‘ಬಿಡುವು’ ಎಂಬುದು ‘ಬಿಡು’ ಧಾತುವಿನಿಂದ ಹುಟ್ಟಿದ್ದು. ಹಿಡಿದ ಕೆಲಸವನ್ನು ಬಿಟ್ಟಾಗ ದೊರೆಯುವ ಕಾಲ ಅದು. ಇವೆರಡರ ಜೊತೆಗೆ ‘ಹೊತ್ತು’ ಎಂಬ ಇನ್ನೊಂದು ಮಾತಿದೆ. ಹಳಗನ್ನಡದ ‘ಪೊೞ್ತು’ವಿನಿಂದ ಬಂದ ಈ ಪದಕ್ಕೆ ಕಾಲವೆಂದೂ ಅರ್ಥ, ಸೂರ್ಯನೆಂದೂ ಅರ್ಥ. ಹೊತ್ತು ಹುಟ್ಟಿತು, ಹೊತ್ತು ಏರಿತು, ಹೊತ್ತು ಮುಳುಗಿತು ಎನ್ನುವಾಗ ನಮ್ಮ ಹಿರಿಯರಿಗೆ ಕಾಲವೆಂಬುದು ಕಣ್ಣೆದುರಿನ ಬೆಳಕಾಗಿತ್ತು. ಬಿಡುವಿಲ್ಲದ ಬಾಳಿನಲ್ಲಿ ನಮ್ಮ ಜನ ಸಂತೋಷವನ್ನು ಎಲ್ಲಿ ಕಂಡುಕೊಂಡರು ಎಂಬ ವಿಚಾರಕ್ಕೆ ಈ ಮಾತುಗಳೇ ಬಾಗಿಲು.

ಹಿಂದಿನವರು ಒಂದು ಹಗಲಿರುಳನ್ನು 60 ಗಳಿಗೆಗಳಾಗಿ ವಿಂಗಡಿಸಿದ್ದರು. ಒಂದು ಗಳಿಗೆಯೆಂದರೆ ಇಂದಿನ 24 ನಿಮಿಷ. ಅದನ್ನು ಅಳೆಯುವ ಸಾಧನವೂ ಸರಳವಾದುದೇ. ತಳದಲ್ಲಿ ಸೂಕ್ಷ್ಮವಾದ ರಂಧ್ರವಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಡುತ್ತಿದ್ದರು. ನೀರು ಮೆಲ್ಲಮೆಲ್ಲನೆ ಒಳಹೊಕ್ಕು ಬಟ್ಟಲು ತುಂಬಿ ಮುಳುಗಿತೆಂದರೆ ಒಂದು ಗಳಿಗೆ ಸಂದಿತು. ಗಳಿಗೆಯ ಮೂಲವಾದ ಸಂಸ್ಕೃತದ ‘ಘಟಿಕಾ’ ಶಬ್ದಕ್ಕೆ ಸಣ್ಣ ಕೊಡವೆಂದೇ ಅರ್ಥ. ನಮ್ಮ ಗಡಿಯಾರಗಳಲ್ಲಿ ಕಾಲ ಓಡುತ್ತದೆ. ಆ ಬಟ್ಟಲಿನಲ್ಲಿ ಕಾಲ ತುಂಬುತ್ತಿತ್ತು.

ಹಾಗೆಂದು ಅಂದಿನವರು ಆರಾಮವಾಗಿ ಕಾಲ ಕಳೆಯುತ್ತಿದ್ದರೆಂದು ಭಾವಿಸಬಾರದು. ಬೆಂಗಳೂರಿನ ಸುತ್ತಣ ರಾಗಿಯ ಸೀಮೆಯಲ್ಲಾಗಲಿ, ಬಿಜಾಪುರದ ಕಡೆಯ ಜೋಳದ ಸೀಮೆಯಲ್ಲಾಗಲಿ, ಹಿಟ್ಟಿನ ಗಿರಣಿ ಬರುವವರೆಗೆ ಹೆಣ್ಣುಮಕ್ಕಳ ದಿನ ಆರಂಭವಾಗುತ್ತಿದ್ದುದು ಹೊತ್ತು ಮೂಡುವ ಮುಂಚೆ, ಬೀಸುವ ಕಲ್ಲಿನ ಮುಂದೆ. ಅನಂತರ ನೀರು, ಕೊಟ್ಟಿಗೆ, ಒಲೆ, ಹೊಲ. ಬಿಡುವೆಂಬುದು ಇಲ್ಲದ ಆ ದುಡಿಮೆಯ ನಡುವೆಯೇ ನಮ್ಮ ಜನಪದ ಸಾಹಿತ್ಯದ ಅತ್ಯುತ್ತಮವಾದ ಒಂದು ಭಾಗ ಹುಟ್ಟಿತು ಎಂಬುದನ್ನು ಗಮನಿಸಬೇಕು. ಹಲಸಂಗಿಯ ಗೆಳೆಯರು ಸಂಗ್ರಹಿಸಿ 1931ರಲ್ಲಿ ‘ಗರತಿಯ ಹಾಡು’ ಎಂಬ ಹೆಸರಿನಿಂದ ಪ್ರಕಟಿಸಿದ ತ್ರಿಪದಿಗಳು ಕನ್ನಡ ವಿದ್ವಾಂಸರನ್ನು ಬೆರಗುಗೊಳಿಸಿದವು. ತವರಿನ ನೆನಪು, ತಮ್ಮನ ಬರವು, ಕೂಸಿನ ನಗು, ಬೀಸುವ ಕಲ್ಲಿನ ಮೇಲಣ ಅಕ್ಕರೆ — ಇವೇ ಅಲ್ಲಿನ ವಸ್ತು. ಕೆಲಸ ಮುಗಿದ ಮೇಲೆ ಹಾಡೋಣವೆಂದು ಕಾದಿದ್ದರೆ ಆ ಹೆಣ್ಣುಮಕ್ಕಳು ಒಂದು ಪದವನ್ನೂ ಹಾಡುತ್ತಿರಲಿಲ್ಲ. ಏಕೆಂದರೆ ಅವರ ಕೆಲಸ ಮುಗಿಯುತ್ತಲೇ ಇರಲಿಲ್ಲ.

ಆದರೆ ಹಾಡಿನಿಂದ ಕಲ್ಲು ಹಗುರವಾಗಲಿಲ್ಲ, ಬೀಸಬೇಕಾದ ರಾಗಿ ಒಂದು ಸೇರೂ ಕಡಮೆಯಾಗಲಿಲ್ಲ. ಗಿರಣಿ ಬಂದಾಗ ನಮ್ಮ ಅಜ್ಜಿಯಂದಿರು ನಿಟ್ಟುಸಿರುಬಿಟ್ಟು ಕಲ್ಲನ್ನು ಮೂಲೆಗೆ ಸರಿಸಿದ್ದು ಸರಿಯೇ. ಹಾಡಿನ ಸವಿಯನ್ನು ಮುಂದುಮಾಡಿ ದುಡಿಮೆಯ ಭಾರವನ್ನು ಸಮರ್ಥಿಸುವುದು ಉಂಡವರ ಮಾತು, ಬೀಸಿದವರ ಮಾತಲ್ಲ.

ಈ ಎಚ್ಚರವನ್ನು ಹನ್ನೆರಡನೆಯ ಶತಮಾನದ ಶರಣರಲ್ಲಿ ಸ್ಪಷ್ಟವಾಗಿ ಕಾಣುತ್ತೇವೆ. ಹಗ್ಗ ಹೊಸೆಯುವ ನುಲಿಯ ಚಂದಯ್ಯ, ದೋಣಿ ನಡೆಸುವ ಅಂಬಿಗರ ಚೌಡಯ್ಯ ಇವರೆಲ್ಲ ಕಾಯಕದಲ್ಲಿಯೇ ಆನಂದವನ್ನು ಕಂಡವರು. ಆದರೆ ಕಾಯಕಕ್ಕೂ ಒಂದು ಮಿತಿಯುಂಟು. ಅಕ್ಕಿ ಆಯುವ ಕಾಯಕದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದು ನಮಗೇಕೆಂದು ಪ್ರಶ್ನಿಸಿ ಮರಳಿ ಸುರಿದು ಬರುವಂತೆ ಕಳುಹಿದವಳು ಮಡದಿ ಲಕ್ಕಮ್ಮ. ‘ಇಷ್ಟು ಸಾಕು’ ಎಂದು ಹೇಳಬಲ್ಲವರ ಮನೆಯಲ್ಲಿ ಮಾತ್ರ ದುಡಿಮೆ ಹಬ್ಬವಾಗಬಲ್ಲದು ಎಂಬ ತಿಳಿವು ಆ ಕಥೆಯಲ್ಲಿದೆ.

ಇನ್ನು ನಮ್ಮ ಬೆಂಗಳೂರಿನ ಅಂಚಿಗೆ ಬರೋಣ. ಸೂರ್ಯನನ್ನು ನೋಡಿ ಬಾಳಿದ ಹಳ್ಳಿಗಳು ಸೈರನ್ನಿಗೆ ಕಿವಿಗೊಟ್ಟದ್ದು ಇಲ್ಲಿಯೇ. ಪೂರ್ವದಲ್ಲಿ ವೈಟ್‌ಫೀಲ್ಡ್ 1882ರಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳ ಬೇಸಾಯದ ನೆಲೆಯಾಗಿ ಮೈಸೂರು ಮಹಾರಾಜರು ಕೊಟ್ಟ ನೆಲದಲ್ಲಿ ಹುಟ್ಟಿತು; ಅತ್ತ ಹೋಗುವ ದಾರಿಯಲ್ಲಿ 1948ರಲ್ಲಿ ದೂರವಾಣಿ ಕಾರ್ಖಾನೆ ತಲೆಯೆತ್ತಿತು. ವಾಯವ್ಯದ ಜಾಲಹಳ್ಳಿಗೆ 1953ರಲ್ಲಿ ಎಚ್‌ಎಂಟಿ, ಮರುವರ್ಷ ಬಿಇಎಲ್ ಬಂದವು. ಅವುಗಳ ನೆರೆಯಲ್ಲಿಯೇ 1970ರ ದಶಕದಲ್ಲಿ ಪೀಣ್ಯದ ಕೈಗಾರಿಕಾ ಪ್ರದೇಶ ರೂಪುಗೊಂಡಿತು. ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ 1961ರಲ್ಲಿ ಎಚ್‌ಎಂಟಿ ಕೈಗಡಿಯಾರಗಳನ್ನು ತಯಾರಿಸತೊಡಗಿತು. 2016ರಲ್ಲಿ ಆ ಉದ್ಯಮವನ್ನು ಮುಚ್ಚುವ ತೀರ್ಮಾನವಾಗುವವರೆಗೆ ಮದುವೆಗೋ ಪರೀಕ್ಷೆ ಪಾಸಾದುದಕ್ಕೋ ಅದನ್ನು ಉಡುಗೊರೆಯಾಗಿ ಪಡೆದವರು ಎಷ್ಟು ಮಂದಿ! ದೇಶದ ಮಣಿಕಟ್ಟಿಗೆ ಕಾಲವನ್ನು ಕಟ್ಟಿಕೊಟ್ಟ ಊರು ನಮ್ಮದು.

ಕಾರ್ಖಾನೆಯ ಕಾಲ ಕಠಿಣವಾದುದು. ಯಂತ್ರದ ಮುಂದೆ ಹಾಡಿದರೆ ಹಾಡಿದವರಿಗೇ ಕೇಳಿಸದು. ಆದರೂ ಆ ವ್ಯವಸ್ಥೆ ಒಂದು ಹೊಸ ವಸ್ತುವನ್ನು ತಂದಿತು: ಕಾಯಿದೆಬದ್ಧವಾದ ಬಿಡುವು. 1948ರ ಕಾರ್ಖಾನೆ ಕಾಯಿದೆ ವಾರದ ದುಡಿಮೆಗೆ 48 ಗಂಟೆಗಳ ಎಲ್ಲೆ ಕಟ್ಟಿತು. ಐದು ಗಂಟೆ ಮೀರುವುದರೊಳಗೆ ಅರ್ಧ ಗಂಟೆಯ ವಿಶ್ರಾಂತಿ ಕೊಡಬೇಕೆಂದು ವಿಧಿಸಿತು. ಅರ್ಧ ಗಂಟೆಯೆಂದರೆ ಒಂದು ಗಳಿಗೆಗಿಂತ ತುಸು ಹೆಚ್ಚು. ಆ ಹೊತ್ತಿನಲ್ಲಿ ಬುತ್ತಿ ಬಿಚ್ಚಿ, ಒಬ್ಬರ ಮುದ್ದೆಗೆ ಇನ್ನೊಬ್ಬರ ಸಾರು ಹಂಚಿಕೊಂಡವರು ನಮ್ಮ ಕಾರ್ಮಿಕರು. ಪಾಳಿ ಮುಗಿದ ಬಳಿಕ ನಾಟಕ ಅಭ್ಯಾಸಮಾಡಿ, ಕನ್ನಡ ಸಂಘಗಳನ್ನು ಕಟ್ಟಿ, ನವೆಂಬರಿನಲ್ಲಿ ರಾಜ್ಯೋತ್ಸವ ನಡೆಸಿದವರೂ ಅವರೇ. ಬೀಸುವ ಕಲ್ಲಿನ ಮುಂದೆ ಒಂಟಿಯಾಗಿದ್ದ ಹಾಡು ಇಲ್ಲಿ ಗುಂಪಿನ ಉತ್ಸಾಹವಾಯಿತು.

ಮೂರನೆಯ ಘಟ್ಟ ನಮ್ಮ ಕಣ್ಣಮುಂದಿನದು. 1978ರಲ್ಲಿ ಆರ್. ಕೆ. ಬಾಳಿಗಾ ಅವರ ಮುಂದಾಳುತನದಲ್ಲಿ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ನೆಲದಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಆರಂಭಿಸಿತು. ಇಂದು ಅಲ್ಲಿಗೂ ವೈಟ್‌ಫೀಲ್ಡಿಗೂ ಪೀಣ್ಯಕ್ಕೂ ಮೆಟ್ರೊ ರೈಲು ಓಡುತ್ತದೆ. ಆದರೆ ಸೈರನ್ ಊದಿದಾಗ ಕೆಲಸ ಮುಗಿಯುತ್ತಿದ್ದ ಕಾಲ ಹೋಯಿತು. ಜೇಬಿನಲ್ಲಿರುವ ಫೋನು ಕಚೇರಿಯನ್ನು ಊಟದ ತಟ್ಟೆಯವರೆಗೂ ತರುತ್ತದೆ. ಇತ್ತ ಪೀಣ್ಯದ ಸಿದ್ಧ ಉಡುಪಿನ ಕಾರ್ಖಾನೆಗಳಿಗೆ ಹೊರಡುವ ಹೆಣ್ಣುಮಕ್ಕಳು ಹೊತ್ತು ಮೂಡುವ ಮುಂಚೆಯೇ ಎದ್ದು ಒಲೆ ಹಚ್ಚುತ್ತಾರೆ. ಬೀಸುವ ಕಲ್ಲು ಹೋಯಿತು, ನಸುಕಿನ ದುಡಿಮೆ ಹೋಗಲಿಲ್ಲ. ಹೋದದ್ದು ಅದರ ಜೊತೆಗಿದ್ದ ಹಾಡು. ಹೊಲಿಗೆಯ ಯಂತ್ರದ ಮುಂದೆ ಗಂಟೆಗಿಷ್ಟು ಎಂಬ ಟಾರ್ಗೆಟ್ಟು ಅದಕ್ಕೆ ಎಡೆಗೊಡದು.

ಇಂಥವರಿಗೆ ‘ಸಣ್ಣಪುಟ್ಟದರಲ್ಲಿ ಸಂತೋಷಪಡಿ’ ಎಂದು ಉಪದೇಶಿಸುವುದು ಸುಲಭ. ಚರಿತ್ರೆ ಹೇಳುವುದು ಅದಕ್ಕಿಂತ ಹೆಚ್ಚಿನದನ್ನು. ಸಂತೋಷಕ್ಕೆ ಎರಡು ಆಸರೆಗಳು ಬೇಕು. ಒಂದು, ದುಡಿಮೆಗೆ ಎಲ್ಲೆ. ಅದನ್ನು ಲಕ್ಕಮ್ಮ ಮನೆಯೊಳಗೆ ಕಟ್ಟಿದಳು, ಕಾಯಿದೆ ಕಾರ್ಖಾನೆಯಲ್ಲಿ ಕಟ್ಟಿತು. ಅದು ಒಬ್ಬೊಬ್ಬರ ಮನೋಧರ್ಮದಿಂದ ಆಗುವ ಕೆಲಸವಲ್ಲ, ಸಮಾಜ ಸೇರಿ ಕಾಯಬೇಕಾದ ಹಕ್ಕು. ಇನ್ನೊಂದು, ದೊರೆತ ಗಳಿಗೆಯ ಮೇಲೆ ಗಮನ. ಇದನ್ನು ನಮಗಾಗಿ ಬೇರೆ ಯಾರೂ ಮಾಡಲಾರರು. ‘ಬಡ್ತಿ ಬಂದ ಮೇಲೆ, ಮನೆ ಕಟ್ಟಿದ ಮೇಲೆ, ನಿವೃತ್ತಿಯಾದ ಮೇಲೆ’ ಎಂದು ಸಂತೋಷವನ್ನು ಮುಂದೂಡುವ ಅಭ್ಯಾಸ ಬೀಸುವ ಪದದವರಿಗೆ ಗೊತ್ತಿರಲಿಲ್ಲ. ನಿವೃತ್ತಿಯಾದವನಾಗಿ ಹೇಳುತ್ತೇನೆ: ಮುಂದೂಡಿದ ಹೊತ್ತು ಅಲ್ಲಿ ನಮಗಾಗಿ ಕಾದು ಕುಳಿತಿರುವುದಿಲ್ಲ.

ಕೇಳುಗ ಮಿತ್ರರೇ, ನಾಳೆ ಬೆಳಗ್ಗೆ ಕಾಫಿಯ ಲೋಟ ಕೈಯಲ್ಲಿರುವಾಗ, ಬಸ್ಸಿನ ಕಿಟಕಿಯ ಪಕ್ಕ ಜಾಗ ಸಿಕ್ಕಾಗ, ಮಧ್ಯಾಹ್ನ ಬುತ್ತಿಯ ಮುಚ್ಚಳ ತೆಗೆದಾಗ ಆ ಬಟ್ಟಲನ್ನು ಒಮ್ಮೆ ನೆನೆದುಕೊಳ್ಳಿ. ಅದು ತುಂಬುವವರೆಗಾದರೂ ಫೋನು ಜೇಬಿನಲ್ಲಿರಲಿ. ಎದುರಿಗೆ ಕುಳಿತವರ ಊರು ಯಾವುದೆಂದು ಕೇಳಿ.