ಅಡಿಕೆ ತೋಟದಿಂದ ಪ್ರಯೋಗಾಲಯಕ್ಕೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಹಳೆಯ ಮನೆಗಳಲ್ಲಿ ಅತಿಥಿಗೆ ಮೊದಲು ಬೆಲ್ಲ-ನೀರು, ಅನಂತರ ಎಲೆಯಡಿಕೆಯ ಹರಿವಾಣ. ಭೂತದ ಕೋಲಕ್ಕೂ ನಾಗನ ತಂಬಿಲಕ್ಕೂ ಹಿಂಗಾರ ಬೇಕೇ ಬೇಕು. ಮಗಳ ಮದುವೆ, ಮಗನ ಓದು, ಬ್ಯಾಂಕಿನ ಸಾಲ ಎಲ್ಲಕ್ಕೂ ಅಂಗಳದಲ್ಲಿ ಒಣಗುವ ಅಡಿಕೆಯೇ ಆಧಾರ. ಬಂಟ್ವಾಳ ತಾಲೂಕಿನ ವಿಟ್ಲದಲ್ಲಿ 1956ರಲ್ಲಿ ಅಡಿಕೆ ಸಂಶೋಧನಾ ಕೇಂದ್ರ ಆರಂಭವಾಯಿತು. 1973ರಲ್ಲಿ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋ ಮಂಗಳೂರಿನಲ್ಲಿ ಹುಟ್ಟಿತು. ಅದೇ ದಶಕದಲ್ಲಿ ಮುಂಬಯಿಯ ಪ್ರಯೋಗಾಲಯವೊಂದರಲ್ಲಿ ಅಡಿಕೆ ಬೇರೊಂದು ಪರೀಕ್ಷೆಗೆ ಒಳಗಾಗಿತ್ತು.

ಆ ಪರೀಕ್ಷೆ ನಡೆಸಿದ ತಂಡದ ಹಿರಿಯರು ಕಮಲ್ ರಣದಿವೆ. 1917ರಲ್ಲಿ ಪುಣೆಯಲ್ಲಿ ಜನಿಸಿದ ಅವರು ವೈದ್ಯೆಯಾಗಲಿ ಎಂಬುದು ತಂದೆಯ ಆಸೆಯಾಗಿತ್ತು. ಆಕೆ ಆರಿಸಿಕೊಂಡದ್ದು ಜೀವಕೋಶಗಳ ಅಧ್ಯಯನವನ್ನು. ಮುಂಬಯಿಯಲ್ಲಿ ವಿ. ಆರ್. ಖಾನೋಲ್ಕರ್ ಅವರ ಮಾರ್ಗದರ್ಶನದಲ್ಲಿ 1949ರಲ್ಲಿ ಡಾಕ್ಟರೇಟ್ ಪಡೆದು, ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಜಾರ್ಜ್ ಗೇ ಅವರ ಬಳಿ ಕೆಲಸ ಕಲಿತು ಮರಳಿದರು. ದೇಹದ ಹೊರಗೆ ಜೀವಕೋಶಗಳನ್ನು ಬೆಳೆಸುವ ದೇಶದ ಮೊದಲ ಪ್ರಯೋಗಾಲಯವನ್ನು ಭಾರತೀಯ ಕ್ಯಾನ್ಸರ್ ಸಂಶೋಧನಾ ಕೇಂದ್ರದಲ್ಲಿ ಕಟ್ಟಿದರು. 1982ರಲ್ಲಿ ಪದ್ಮಭೂಷಣ ಬಂತು.

ರಣದಿವೆ ಮತ್ತು ಸಂಗಡಿಗರು ಅಡಿಕೆಯ ಹಾಗೂ ತಂಬಾಕಿನ ಸಾರವನ್ನು ಇಲಿಗಳ ಮೇಲೂ ಹ್ಯಾಮ್‌ಸ್ಟರ್ ಎಂಬ ಪ್ರಾಣಿಯ ಕೆನ್ನೆಯ ಚೀಲದ ಮೇಲೂ ಪ್ರಯೋಗಿಸಿ 1976ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಲ್ಲಿಯವರೆಗೆ ದೋಷವೆಲ್ಲ ತಂಬಾಕಿನದೆಂಬ ಭಾವನೆ ಬಲವಾಗಿತ್ತು. ಅಡಿಕೆಯನ್ನೂ ಶಂಕಿಸಬೇಕೆಂದು ಈ ಕೆಲಸ ತೋರಿಸಿತು.

ಅಡಿಕೆ ಮಾಡುವುದಾದರೂ ಏನು? ನಮ್ಮ ಜೀವಕೋಶಗಳು ರಾಸಾಯನಿಕ ಸಂದೇಶಗಳ ಮೂಲಕ ಪರಸ್ಪರ ಮಾತನಾಡುತ್ತವೆ. ಬೆಳೆ, ನಿಲ್ಲು, ಗಾಯ ಮುಚ್ಚು ಎಂಬ ಆಜ್ಞೆಗಳು ಹೀಗೆಯೇ ತಲಪುತ್ತವೆ. ಅಡಿಕೆಯಲ್ಲಿರುವ ಅರೆಕೋಲಿನ್ ಮೊದಲಾದ ವಸ್ತುಗಳು ಟಿಜಿಎಫ್-ಬೀಟಾ ಎಂಬ ಸಂದೇಶವನ್ನು ಹೆಚ್ಚಿಸುತ್ತವೆ. ಆಗ ಗಾಯವಿಲ್ಲದಿದ್ದರೂ ಬಾಯಿಯ ಒಳಪೊರೆಯ ಕೆಳಗೆ ನಾರಿನಂಶ ಕಟ್ಟುತ್ತಾ ಹೋಗುತ್ತದೆ. ಕೆನ್ನೆ ಬಿಗಿಯುತ್ತದೆ, ಖಾರ ಉರಿಯುತ್ತದೆ, ಬಾಯಿ ಪೂರ್ತಿ ತೆರೆಯುವುದಿಲ್ಲ. ಕೆಲವರಲ್ಲಿ ಇದು ಕ್ಯಾನ್ಸರಿಗೆ ತಿರುಗುತ್ತದೆ.

ಆದರೂ ತೀರ್ಪು ಅವಸರದಲ್ಲಿ ಬರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 1985ರಲ್ಲಿ ತಂಬಾಕು ಬೆರೆತ ಎಲೆಯಡಿಕೆಯನ್ನಷ್ಟೇ ಕ್ಯಾನ್ಸರ್‌ಕಾರಕವೆಂದು ಹೇಳಿತು. ತಂಬಾಕಿಲ್ಲದ್ದರ ಬಗ್ಗೆ ಪುರಾವೆ ಸಾಲದೆಂದಿತು. ಹೊಸ ಪುರಾವೆಗಳು ಸೇರಿದ ಮೇಲೆ, 2004ರಲ್ಲಿ ಪ್ರಕಟವಾದ ವರದಿಯಲ್ಲಿ, ಅಡಿಕೆಯನ್ನೇ ಆ ಪಟ್ಟಿಗೆ ಸೇರಿಸಲಾಯಿತು. ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿತು.

ಬೆಳೆಗಾರರ ಆತಂಕ ಸುಳ್ಳಲ್ಲ. ತಲೆಮಾರುಗಳಿಂದ ಬೆಳೆದ ತೋಟವನ್ನು ಒಂದು ವರದಿ ಓದಿ ಕಡಿದು ಹಾಕಲಾಗದು. ಹಾಗೆಂದು ಅರ್ಧ ತೆರೆಯುವ ಬಾಯಿಯೂ ಸುಳ್ಳಲ್ಲ. ಹಿಂಗಾರದ ಮೇಲೆ, ಹರಿವಾಣದ ಮೇಲೆ ವಿಜ್ಞಾನದ ಆರೋಪವೇನಿಲ್ಲ. ಆರೋಪವಿರುವುದು ದಿನವಿಡೀ ಕೆನ್ನೆಯಲ್ಲಿ ಉಳಿಯುವ ಹೋಳಿನ ಮೇಲೆ. ಬಾಯಿ ಬಿಗಿಯುತ್ತಿದೆ ಎನಿಸಿದವರು ಜಗಿಯುವುದನ್ನು ಅಂದೇ ಬಿಟ್ಟು ವೈದ್ಯರ ಬಳಿ ಹೋಗುವುದು ಒಳ್ಳೆಯದು.